ಹಳೇ ಪೆಟ್ಟಿಗೆ, ಹೊಸ ಪೆಂಗ್ವಿನ್

"ಇದಕ್ಕೆ ಲಿನಕ್ಸ್ ಹಾಕಿದ್ರೆ ನಡೆಯುತ್ತಾ?"

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನವರು ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿದ ಮೇಲೆ ಈ ಪ್ರಶ್ನೆಯನ್ನು ನನ್ನ ಹತ್ತಿರ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಆಫೀಸಿನವರು ಕೇಳಿದರು, ಅತ್ತಿಗೆಯ ತಮ್ಮ ಕೇಳಿದ, ನಾನಿರುವ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರೂ ಕೇಳಿದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅದಿಲ್ಲದ ಕಂಪ್ಯೂಟರುಗಳು ಒಂದೂ ಕೆಟ್ಟಿಲ್ಲ, ಆದರೂ ಅಟ್ಟ ಸೇರುತ್ತಿವೆ. ಇಲ್ಲವೇ ಗುಜರಿ.

ಸೆಕ್ಯೂರಿಟಿಯವರಿಗೆ ಯಾರೋ ಫ್ಲಾಟಿನವರು ತಮ್ಮ ಹಳೇ ಡೆಸ್ಕ್‌ಟಾಪ್ ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದಾರೆ. ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ಅವರಿಗೆ ಇದು ನಮ್ಮ ಹಾಗೆ ವೀಕೆಂಡ್ ಹುಚ್ಚಲ್ಲ. ಇದು ನಡೆದರೆ ಆ ಹುಡುಗಿಗೆ ಕಂಪ್ಯೂಟರ್ ಉಂಟು, ನಡೆಯದಿದ್ದರೆ ಇಲ್ಲ.

ಸ್ನೇಹಿತರೇ, ಈ ಪ್ರಶ್ನೆಗೆ ನಮ್ಮೂರಲ್ಲಿ ಸುಮಾರು ಮೂವತ್ತು ವರ್ಷದ ಚರಿತ್ರೆ ಇದೆ. ನಾನು ಹುಟ್ಟಿದ್ದೇ ಆಸುಪಾಸು ಆಗ, ಹಾಗಾಗಿ ಅರ್ಧಕ್ಕರ್ಧ ಕೇಳಿದ್ದು, ಓದಿದ್ದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಎಷ್ಟು ಹಳೇದು ಅನ್ನೋದರ ಮೇಲೆ ಉತ್ತರ ಯಾವತ್ತೂ ನಿಂತಿರಲಿಲ್ಲ. ಒಳಗಿರುವ ಚಿಪ್ಪು ಹೇಗೆ ಕೆಲಸ ಮಾಡುತ್ತದೆ ಅನ್ನುವ ಕಾಗದವನ್ನು ಮಾಡಿದವರು ಹೊರಗೆ ಬಿಟ್ಟರೋ ಇಲ್ಲವೋ, ಬಿಟ್ಟಿದ್ದರೆ ಅದನ್ನು ಕೂತು ಓದುವ ಪುಣ್ಯಾತ್ಮ ಯಾರಾದರೂ ಸಿಕ್ಕರೋ ಇಲ್ಲವೋ, ಅದರ ಮೇಲೆ ನಿಂತಿತ್ತು.

1996ರಿಂದ ಶುರು ಮಾಡೋಣ.

ವಿಎಸ್ಎನ್ಎಲ್‌ನವರು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಲಿನಕ್ಸ್ ಆಗಲೇ ಇತ್ತು, ಲೈನಸ್ ಟೋರ್ವಾಲ್ಡ್ಸ್ ಅದನ್ನು ಪ್ರಕಟಿಸಿದ್ದು 1991ರಲ್ಲಿ. ಆದರೆ ಇಳಿಸಿಕೊಳ್ಳೋದು ಹೇಗೆ? 600 ಎಂಬಿಯ ಒಂದು ಸಿ.ಡಿ.ಯಷ್ಟು ಸರಕು, 14.4 ಕೆಬಿಪಿಎಸ್ ಮೋಡೆಮ್. ಲೈನು ಒಂದು ಸಲವೂ ಕಟ್ ಆಗದೆ ಪೂರ್ತಿ ವೇಗದಲ್ಲಿ ಬಂದರೂ 90 ಗಂಟೆ ಮೀರುತ್ತದೆ, ಲೆಕ್ಕ ಹಾಕಿ ನೋಡಿ. ಟೆಲಿಫೋನ್ ಬಿಲ್ಲು ನೋಡಿ ಅಪ್ಪ ಮನೆಯಿಂದ ಆಚೆ ಹಾಕ್ತಿದ್ರು :)

ಇದನ್ನು ಬಗೆಹರಿಸಿದ್ದು ಒಂದು ಪತ್ರಿಕೆ. ಪಿಸಿ ಕ್ವೆಸ್ಟ್ ಮಾಸಪತ್ರಿಕೆ 1996ರಲ್ಲಿ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿ.ಡಿ. ಕೊಟ್ಟಿತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಇಂಟರ್ನೆಟ್ಟಿಗೂ ಮುಂಚೆ ಇಲ್ಲಿ ಸಿಕ್ಸ್ ಅನ್ನುವ ಬುಲೆಟಿನ್ ಬೋರ್ಡ್ ನಡೆಸಿದವರು. ಮುಂದೆ ವರ್ಷ ವರ್ಷ ಬಂದ ಪಿಸಿಕ್ಯೂ ಲಿನಕ್ಸ್ ಸಿ.ಡಿ.ಗಳಿಂದಲೇ ಈ ದೇಶದ ಒಂದು ತಲೆಮಾರು ಲಿನಕ್ಸ್ ಕಲಿತಿದ್ದು ಅಂದರೆ ಉತ್ಪ್ರೇಕ್ಷೆ ಅಲ್ಲ. ಅತುಲ್ 2013ರ ಜೂನ್‌ನಲ್ಲಿ ತೀರಿಕೊಂಡರು.

ಮೊದಲ ಸಿ.ಡಿ.ಯಲ್ಲಿ ಇದ್ದದ್ದು ಸ್ಲ್ಯಾಕ್‌ವೇರ್. ಸಿ.ಡಿ. ಕೈಗೆ ಬಂದರೆ ಆಯ್ತಾ? ಆಗಿನ ಬಹಳಷ್ಟು ಯಂತ್ರಗಳು ಸಿ.ಡಿ.ಯಿಂದ ಬೂಟ್ ಆಗುತ್ತಲೇ ಇರಲಿಲ್ಲ. ಡಾಸ್‌ಗೆ ಹೋಗಿ ರಾರೈಟ್ ಅನ್ನುವ ಪುಟ್ಟ ಪ್ರೋಗ್ರಾಂ ಬಳಸಿ ಎರಡು ಫ್ಲಾಪಿ ಮಾಡಿಕೊಳ್ಳಬೇಕು, ಒಂದು ಬೂಟ್ ಫ್ಲಾಪಿ, ಇನ್ನೊಂದು ರೂಟ್ ಫ್ಲಾಪಿ. ಮಜಾ ಏನಪ್ಪಾ ಅಂದ್ರೆ, ಬೂಟ್ ಫ್ಲಾಪಿಯಲ್ಲೂ ಹತ್ತಾರು ಬಗೆ. ಆಗ ಸಿ.ಡಿ. ಡ್ರೈವ್ ಅಂದರೆ ಒಂದೇ ಜಾತಿ ಅಲ್ಲ. ಕೆಲವು ಡ್ರೈವುಗಳ ಕೇಬಲ್ಲು ಸೌಂಡ್ ಕಾರ್ಡಿಗೆ ಹೋಗಿ ಸೇರುತ್ತಿತ್ತು! ಮಿತ್ಸುಮಿಗೆ ಒಂದು ಫ್ಲಾಪಿ, ಸೌಂಡ್ ಬ್ಲಾಸ್ಟರ್ ಪ್ರೋಗೆ ಕಟ್ಟಿದ ಡ್ರೈವಿಗೆ ಬೇರೊಂದು. ಆ ಪಟ್ಟಿಯಲ್ಲಿ ನಿಮ್ಮ ಡ್ರೈವಿನ ಹೆಸರು ಇಲ್ಲದಿದ್ದರೆ ಸಿ.ಡಿ. ಹಿಡಿದುಕೊಂಡು ಸುಮ್ಮನೆ ನೋಡುತ್ತಾ ಕೂರಬೇಕು, ಕನ್ನಡಿಯ ಹಾಗೆ.

ಇದೆಲ್ಲ ದಾಟಿದರೆ ಲಿಲೋ. ಲಿನಕ್ಸನ್ನು ಎಬ್ಬಿಸುವ ಬೂಟ್ ಲೋಡರ್ ಅದು, ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಪರದೆ ಮೇಲೆ ಮೂಡಿಸುತ್ತಾ ಹೋಗುತ್ತಿತ್ತು. ಎರಡನೇ ಅಕ್ಷರಕ್ಕೆ ನಿಂತುಹೋದರೆ ಹಾರ್ಡ್ ಡಿಸ್ಕಿನ ಲೆಕ್ಕಾಚಾರ ಬಯೋಸ್‌ಗೂ ಲಿಲೋಗೂ ತಾಳೆ ಆಗಿಲ್ಲ ಅಂತ ಅರ್ಥ. ಹಳೇ ಬಯೋಸ್‌ಗಳಿಗೆ ಡಿಸ್ಕಿನ 1024ನೇ ಸಿಲಿಂಡರ್ ಆಚೆ ಇರುವುದು ಕಾಣಿಸುತ್ತಲೇ ಇರಲಿಲ್ಲ. ಅದಕ್ಕೇ ಲಿನಕ್ಸಿನ ಕರ್ನಲ್ಲನ್ನು ಡಿಸ್ಕಿನ ಮುಂಭಾಗದಲ್ಲೇ ಇಡಬೇಕು ಅನ್ನುವ ಮಡಿ. ಇನ್ನು ಗ್ರಾಫಿಕ್ಸ್ ಬೇಕು ಅಂದರೆ ಮಾನಿಟರಿನ ಅಡ್ಡ, ಉದ್ದ ಸಿಂಕ್ ಎಷ್ಟು ಹರ್ಟ್ಸ್ ಅಂತ ಕೈಯಾರೆ ಒಂದು ಫೈಲಿನಲ್ಲಿ ಬರೆಯಬೇಕು. ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಹೋಗಬಹುದು ಅಂತ ಕೈಪಿಡಿಯಲ್ಲೇ ಎಚ್ಚರಿಕೆ. ಮಾನಿಟರಿನ ಜೊತೆ ಬಂದ ಪುಸ್ತಕವನ್ನು ಯಾರು ತಾನೇ ಜೋಪಾನವಾಗಿ ಇಟ್ಟಿರ್ತಾರೆ?

ನಮ್ಮ ಚಿಕ್ಕಪ್ಪ ಇಟ್ಟಿದ್ದರು. ಜಯನಗರದ ಮನೆಯಲ್ಲಿ ಇವತ್ತಿಗೂ ಇದೆ, ಶ್ರೀರಾಮನವಮಿ ಕಚೇರಿಯ ಆಹ್ವಾನ ಪತ್ರಿಕೆಗಳ ಜೊತೆ ಒಂದೇ ಕಟ್ಟಿನಲ್ಲಿ.

ಅವರು ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿದ್ದು 2000ದಲ್ಲಿ. ಸೆಲೆರಾನ್, 64 ಎಂಬಿ ರ‍್ಯಾಮ್, ಇಂಟೆಲ್ 810 ಚಿಪ್‌ಸೆಟ್ಟಿನ ಬೋರ್ಡು. ಬೆಂಗಳೂರಿನ ಈ ಚರಿತ್ರೆಯನ್ನು ಬೇರೆ ಊರುಗಳಿಂದ ಬೇರೆ ಮಾಡಿದ್ದು ಇದೇ ಎಸ್.ಪಿ. ರೋಡು ಅಂತ ನನಗನಿಸುತ್ತೆ. ಅಮೆರಿಕದಲ್ಲಿ ಡೆಲ್ಲೋ ಕಾಂಪ್ಯಾಕೋ ಕೊಂಡವನಿಗೆ ಒಳಗೆ ಏನಿದೆ ಅಂತ ಗೊತ್ತಿರಬೇಕಾಗಿಲ್ಲ. ಇಲ್ಲಿ ಬೋರ್ಡು ಒಂದು ಅಂಗಡಿ, ರ‍್ಯಾಮು ಪಕ್ಕದ ಅಂಗಡಿ, ಕ್ಯಾಬಿನೆಟ್ಟು ಎದುರು ಅಂಗಡಿ. ಪ್ರತಿ ಕಾರ್ಡಿಗೂ ಚೌಕಾಸಿ. ಹಾಗಾಗಿ ಪ್ರತಿ ಚಿಪ್ಪಿನ ಹೆಸರೂ ಬಾಯಿಪಾಠ. ಲಿನಕ್ಸ್ ಹಾಕುವವನಿಗೆ ಮೊದಲು ಬೇಕಾದದ್ದೂ ಅದೇ, ಪೆಟ್ಟಿಗೆಯ ಮೇಲಿನ ಹೆಸರಲ್ಲ, ಚಿಪ್ಪಿನ ಮೇಲಿನ ನಂಬರು.

ಈಗ ಎರಡು ಕಾರ್ಡುಗಳ ಕಥೆ ಹೇಳುತ್ತೇನೆ. ಎರಡೂ ಒಂದೇ ಮದರ್‌ಬೋರ್ಡಿನಲ್ಲಿ ಅಕ್ಕಪಕ್ಕ ಕೂತಿರುತ್ತಿದ್ದವು.

ಮೊದಲನೆಯದು ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡು. ಅಂಗಡಿಯಲ್ಲಿ ಅತಿ ಅಗ್ಗದ್ದು ಕೊಡಿ ಅಂದರೆ ಕೈಗೆ ಬರುತ್ತಿದ್ದದ್ದು ಇದು. ಫ್ರೀಬಿಎಸ್‌ಡಿಗೆ ಇದರ ಡ್ರೈವರ್ ಬರೆದ ಬಿಲ್ ಪಾಲ್ ಅನ್ನುವವರು ಕೋಡಿನ ಒಳಗಿನ ಟಿಪ್ಪಣಿಯಲ್ಲೇ ಈ ಕಾರ್ಡನ್ನು ಹಿಗ್ಗಾಮುಗ್ಗಾ ಗೇಲಿ ಮಾಡಿದ್ದಾರೆ, ಇದಕ್ಕಿಂತ ಕೀಳು ದರ್ಜೆ ಇರಲಾರದು ಅನ್ನುವ ಅರ್ಥದಲ್ಲಿ. ಆದರೆ ರಿಯಲ್‌ಟೆಕ್‌ನವರು ಒಂದು ಒಳ್ಳೆ ಕೆಲಸ ಮಾಡಿದ್ದರು. ಚಿಪ್ಪಿನ ಡೇಟಾಶೀಟನ್ನು ಯಾರು ಬೇಕಾದರೂ ಓದುವ ಹಾಗೆ ಬಿಟ್ಟಿದ್ದರು. ಅತ್ತ ನಾಸಾದಲ್ಲಿ ಡೊನಾಲ್ಡ್ ಬೆಕರ್ ಅಂತ ಒಬ್ಬರು. 1994ರಲ್ಲಿ ಅವರೂ ಥಾಮಸ್ ಸ್ಟರ್ಲಿಂಗೂ ಸೇರಿ 486 ಯಂತ್ರಗಳನ್ನು ಜೋಡಿಸಿ ಬಿಯೋವುಲ್ಫ್ ಅನ್ನುವ ಅಗ್ಗದ ಸೂಪರ್ ಕಂಪ್ಯೂಟರ್ ಕಟ್ಟಿದ್ದರು. ಅಗ್ಗದ ಯಂತ್ರ ಅಂದಮೇಲೆ ಅಗ್ಗದ ನೆಟ್‌ವರ್ಕ್ ಕಾರ್ಡು, ಅದಕ್ಕೆ ಡ್ರೈವರು. ಹಾಗಾಗಿ ಬೆಕರ್ ಸಾಲುಸಾಲು ಎತರ್‌ನೆಟ್ ಕಾರ್ಡುಗಳಿಗೆ ಲಿನಕ್ಸ್ ಡ್ರೈವರ್ ಬರೆದು ಹಾಕಿದರು, 8139ಕ್ಕೂ ಸೇರಿಸಿ. ನಾಸಾಕ್ಕೆ ಬೇಕಾಗಿದ್ದು ನಮ್ಮ ಎಸ್.ಪಿ. ರೋಡಿಗೂ ಒದಗಿತು. ಲಿನಕ್ಸ್ ಹಾಕಿದ ತಕ್ಷಣ ಯಾವ ಸಿ.ಡಿ.ಯನ್ನೂ ಕೇಳದೆ ಕೆಲಸ ಮಾಡುತ್ತಿದ್ದ ಕಾರ್ಡು ಅಂದರೆ ಇದೇ. ಇವತ್ತಿಗೂ ಕರ್ನಲ್‌ನಲ್ಲಿ ಅದರ ಡ್ರೈವರ್ ಇದೆ.

ಎರಡನೆಯದು ಮೋಡೆಮ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಬೆಂಗಳೂರಿನಲ್ಲಿ ಲಿನಕ್ಸ್ ಹಾಕಿಸಿಕೊಂಡು ಒಂದೇ ವಾರದಲ್ಲಿ ವಿಂಡೋಸಿಗೆ ವಾಪಸ್ ಹೋದವರನ್ನು ಕೇಳಿ ನೋಡಿ, ಅರ್ಧ ಜನ ಇದರ ಹೆಸರೇ ಹೇಳುತ್ತಾರೆ.

ಹಳೇ ಕಾಲದ ಮೋಡೆಮ್ ಅಂದರೆ ಅದೇ ಒಂದು ಪುಟ್ಟ ಕಂಪ್ಯೂಟರು. ಸಂಖ್ಯೆಗಳನ್ನು ಫೋನಿನಲ್ಲಿ ಹೋಗುವ ಕೀರಲು ಶಬ್ದವಾಗಿ ಬದಲಾಯಿಸುವ ಕೆಲಸವನ್ನೆಲ್ಲ ತನ್ನ ಚಿಪ್ಪಿನಲ್ಲೇ ಮಾಡಿಕೊಳ್ಳುತ್ತಿತ್ತು. ಕಂಪ್ಯೂಟರು ಕಾಮ್ ಪೋರ್ಟಿನ ಮೂಲಕ ಇಂಥ ನಂಬರಿಗೆ ಡಯಲ್ ಮಾಡು ಅಂದರೆ ಸಾಕು. ಆ ಆಜ್ಞೆಗಳು ಹೇಯ್ಸ್ ಕಂಪನಿಯ ಕಾಲದಿಂದ ಎಲ್ಲರಿಗೂ ಗೊತ್ತಿದ್ದವು, ಎಲ್ಲ ಮೋಡೆಮ್‌ಗೂ ಒಂದೇ. ಹಾಗಾಗಿ ಡಾಸ್ ಇರಲಿ ಲಿನಕ್ಸ್ ಇರಲಿ, ಮೋಡೆಮ್ ನಡೆಯುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಪ್ರೊಸೆಸರುಗಳು ಚುರುಕಾದವು. ಮೋಡೆಮ್ ಮಾಡುವವರು ಯೋಚಿಸಿದರು, ಆ ಚಿಪ್ಪು ಯಾಕೆ ಬೇಕು, ಅದರ ಕೆಲಸವನ್ನು ಪೆಂಟಿಯಂ ಕೈಲೇ ಮಾಡಿಸಿದರಾಯ್ತು. ಕಾರ್ಡಿನ ಮೇಲೆ ಉಳಿದದ್ದು ಫೋನಿನ ಜ್ಯಾಕು, ನಾಲ್ಕು ಬಿಡಿಭಾಗ. ಮಿಕ್ಕಿದ್ದೆಲ್ಲ ವಿಂಡೋಸ್ ಡ್ರೈವರಿನ ಒಳಗೆ. ಕಾರ್ಡು ಅಗ್ಗವಾಯಿತು, ಆದರೆ ನೀವು ಕೊಂಡದ್ದು ಅರ್ಧ ಮೋಡೆಮ್, ಉಳಿದರ್ಧ ಸಿ.ಡಿ.ಯಲ್ಲಿ. ಜನ ಅದನ್ನು ವಿನ್‌ಮೋಡೆಮ್ ಅಂತ ಕರೆದರು. ಆ ಉಳಿದರ್ಧದ ಕೋಡು ಕಂಪನಿಯ ಗುಟ್ಟು, ಪೇಟೆಂಟು ಬೇರೆ. ಕಾಗದ ಹೊರಗೆ ಬರಲಿಲ್ಲ. ಲೂಸೆಂಟ್ ಚಿಪ್ಪಿಗೆ ಮುಚ್ಚಿದ ಬೈನರಿಯ ಸುತ್ತ ಒಂದಿಷ್ಟು ಕೋಡು ಕಟ್ಟಿ ಹೇಗೋ ನಡೆಸಿದರು. ಕರ್ನಲ್ ಆವೃತ್ತಿ ಬದಲಾದರೆ ಮತ್ತೆ ಮೊದಲಿನಿಂದ. ಕೊನೆಕ್ಸಂಟ್ ಚಿಪ್ಪಿಗೆ ಲಿನಕ್ಸಂಟ್ ಅನ್ನುವ ಕಂಪನಿ ಡ್ರೈವರ್ ಕೊಟ್ಟಿತು, ಪುಕ್ಕಟೆ ಬೇಕಾದರೆ 14.4 ಕೆಬಿಪಿಎಸ್ ಅಷ್ಟೇ, ಪೂರ್ತಿ 56 ಬೇಕಾದರೆ ದುಡ್ಡು.

ಇಲ್ಲೊಂದು ವಿಚಿತ್ರ ನೋಡಿ. 1997ರ ಹಳೇ ಐಎಸ್ಎ ಮೋಡೆಮ್ ಇದ್ದವನು ಲಿನಕ್ಸಿನಲ್ಲಿ ಆರಾಮಾಗಿ ನೆಟ್ ನೋಡುತ್ತಿದ್ದ. 2000ದಲ್ಲಿ ಹೊಚ್ಚಹೊಸ ಪಿಸಿಐ ಮೋಡೆಮ್ ಕೊಂಡ ನಮ್ಮ ಚಿಕ್ಕಪ್ಪ ನೋಡುತ್ತಿರಲಿಲ್ಲ. ಅವರು ವಿಂಡೋಸಿಗೆ ಬೂಟ್ ಮಾಡಿ, ಮೇಲ್ ಇಳಿಸಿ, ಫ್ಲಾಪಿಗೆ ಹಾಕಿ, ಲಿನಕ್ಸಿಗೆ ಬಂದು ಓದುತ್ತಿದ್ದರಂತೆ. ಆರು ತಿಂಗಳು! ಕೊನೆಗೆ ಮಿಣಮಿಣ ದೀಪ ಹೊಳೆಯುವ ಎಕ್ಸ್‌ಟರ್ನಲ್ ಮೋಡೆಮ್ ಸೆಕೆಂಡ್ ಹ್ಯಾಂಡ್ ತಂದು ಕಾಮ್ ಪೋರ್ಟಿಗೆ ಚುಚ್ಚಿದ ದಿನ ಚಿಕ್ಕಮ್ಮ ಪಾಯಸ ಮಾಡಿದ್ದರು ಅಂತ ಮನೆಯಲ್ಲಿ ಇಂದಿಗೂ ತಮಾಷೆ. (ಯುಗಾದಿ ಇತ್ತು ಅವತ್ತು, ಅದಕ್ಕೆ ಪಾಯಸ ಅಂತ ಚಿಕ್ಕಮ್ಮನ ವಾದ.)

2005ರಲ್ಲಿ ಬಿಎಸ್ಎನ್ಎಲ್ ಡಾಟಾಒನ್ ಬ್ರಾಡ್‌ಬ್ಯಾಂಡ್ ಬಂತು. ಮೋಡೆಮ್ ಮನೆಯ ಮೂಲೆಯ ಬೇರೆ ಡಬ್ಬಿಯಾಯಿತು, ಎತರ್‌ನೆಟ್ ತಂತಿ ಹಾಕಿದರೆ ಮುಗೀತು. ತಂತಿಯ ಈ ತುದಿಯಲ್ಲಿ ಇದ್ದದ್ದು ಯಾರು ಹೇಳಿ? ಅದೇ 8139. ವಿನ್‌ಮೋಡೆಮ್ ಸಮಸ್ಯೆಯನ್ನು ಯಾರೂ ಪೂರ್ತಿ ಬಗೆಹರಿಸಲೇ ಇಲ್ಲ, ಕಾಲವೇ ಅದನ್ನು ಬದಿಗೆ ಸರಿಸಿತು.

ಬೋರ್ಡಿನ ಮೇಲಿನ ಗ್ರಾಫಿಕ್ಸ್ ಚಿಪ್ಪುಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಇಂಟೆಲ್ 810ಕ್ಕೆ ಇಂಟೆಲ್‌ನವರೇ ಮಾಹಿತಿ ಕೊಟ್ಟಿದ್ದರು. ನಮ್ಮಲ್ಲಿ ಅಗ್ಗದ ಬೋರ್ಡುಗಳಲ್ಲಿ ತುಂಬಾ ಬರುತ್ತಿದ್ದ ಸಿಸ್ ಚಿಪ್ಪುಗಳ ಕಥೆ ಬೇರೆ. ಅವುಗಳ ಲಿನಕ್ಸ್ ಡ್ರೈವರನ್ನು ಹಲವು ವರ್ಷ ಸಾಕಿ ಸಲಹಿದ್ದು ಹೆಚ್ಚುಕಮ್ಮಿ ಒಬ್ಬನೇ ಮನುಷ್ಯ, ವಿಯೆನ್ನಾದ ಥಾಮಸ್ ವಿನಿಷ್‌ಹೋಫರ್. ಬನಶಂಕರಿಯ ಸೈಬರ್ ಕೆಫೆಯಲ್ಲೋ ಜೆ.ಪಿ. ನಗರದ ಟ್ಯೂಷನ್ ಸೆಂಟರಿನಲ್ಲೋ ಸಿಸ್ ಬೋರ್ಡಿನ ಮೇಲೆ ಲಿನಕ್ಸ್ ಪರದೆ ಸರಿಯಾಗಿ ಮೂಡಿದ್ದರೆ ಅದು ಆ ಮಹಾರಾಯ ರಾತ್ರಿ ಕೂತು ಕುಟ್ಟಿದ್ದರ ಫಲ.

ಪ್ರಿಂಟರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಕಾಣುವ ಕ್ಯಾನನ್ 2900 ಇದೆಯಲ್ಲ, ಅದು ತನ್ನದೇ ಗುಪ್ತ ಭಾಷೆ ಮಾತಾಡುತ್ತೆ. ಕ್ಯಾನನ್‌ನವರು ಲಿನಕ್ಸಿಗೆ ಡ್ರೈವರ್ ಏನೋ ಕೊಟ್ಟರು, ಅದನ್ನು ಕೂರಿಸೋದು ಒಂದು ತಪಸ್ಸು. ಎಚ್.ಪಿ. ಲೇಸರ್‌ಜೆಟ್ 1020 ಇನ್ನೊಂದು ಥರ. ಆನ್ ಮಾಡಿದಾಗಲೆಲ್ಲ ಅದಕ್ಕೆ ಫರ್ಮ್‌ವೇರ್ ಉಣಿಸಬೇಕು, ಇಲ್ಲದಿದ್ದರೆ ಏನೂ ತಿಳಿಯದ ಕೂಸು. ರಿಕ್ ರಿಚರ್ಡ್‌ಸನ್ ಅನ್ನುವವರು ಅದಕ್ಕೊಂದು ಡ್ರೈವರ್ ಬರೆದು ಎಷ್ಟೋ ಆಫೀಸುಗಳ ಮಾನ ಉಳಿಸಿದರು. ಇವೆರಡರ ಪಕ್ಕದಲ್ಲಿ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟು ನೋಡಿ. ಎಪ್ಸನ್ ಭಾಷೆ ಎಲ್ಲರಿಗೂ ಗೊತ್ತಿದ್ದದ್ದರಿಂದ ಅದು ಕೊಟ್ಟದ್ದನ್ನು ಕೊಟ್ಟ ಹಾಗೆ ಕಟಕಟ ಅಂತ ಹೊಡೆದು ಕೊಡುತ್ತೆ. ಇಲ್ಲೂ ಹಳೇದೇ ಗೆದ್ದಿತು.

ಇದೆಲ್ಲ ನಡೆಯುವಾಗ ಬೆಂಗಳೂರು ಬರೀ ಬೇರೆಯವರು ಬರೆದದ್ದನ್ನು ಬಳಸುತ್ತಾ ಕೂತಿತ್ತಾ? ಪೂರ್ತಿ ಹಾಗಲ್ಲ. ಐಐಎಸ್ಸಿಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೇ ನಡೆಯುತ್ತಿತ್ತು, ಆದರೆ ಅದು ಹೊಸ ಯಂತ್ರ, ನಮ್ಮ ಕಥೆಯ ಹೊರಗಿನದು. 2001ರ ಡಿಸೆಂಬರಿನಲ್ಲಿ ಐಐಎಸ್ಸಿಯ ಟಾಟಾ ಸಭಾಂಗಣದಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು. 2005ರಲ್ಲಿ ಅದಕ್ಕೆ ಫಾಸ್ ಡಾಟ್ ಇನ್ ಅಂತ ಹೆಸರಾಯಿತು, ಮುಂದೆ ನಮ್ಮ ದಕ್ಷಿಣ ಬೆಂಗಳೂರಿನ ಮಗ್ಗುಲಲ್ಲೇ, ಹೊಸೂರು ರಸ್ತೆಯ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯಿತು. 2012ರದ್ದು ಕೊನೆಯದು. ಬರೀ ಭಾಷಣ ಕೇಳಿ ಟೀ ಶರ್ಟ್ ತಗೊಂಡು ಹೋಗಬೇಡಿ, ಕೂತು ಕೋಡ್ ಬರೆಯಿರಿ ಅಂತ ಅತುಲ್ ಹಟ ಹಿಡಿದದ್ದು ಆಗ ಕೆಲವರಿಗೆ ಸಿಟ್ಟು ತರಿಸಿತ್ತಂತೆ. ನನಗೆ ಆ ಹಟ ಸರಿ ಅನಿಸುತ್ತೆ. ಡ್ರೈವರುಗಳ ಈ ಕಥೆಯಲ್ಲಿ ನಮ್ಮೂರಿನಷ್ಟು ಪ್ರೋಗ್ರಾಮರುಗಳಿರುವ ಊರಿನ ಹೆಸರು ಎಷ್ಟು ಸಲ ಬಂತು ನೋಡಿ. ಬೆಕರ್, ವಿನಿಷ್‌ಹೋಫರ್, ರಿಚರ್ಡ್‌ಸನ್... ನಮ್ಮವರಾರೂ ಬರೆಯಲಿಲ್ಲ ಅಂತಲ್ಲ, ಬರೆದವರಿದ್ದಾರೆ. ಆದರೆ ನಮ್ಮ ಅಂಗಡಿಗಳಲ್ಲಿ ಮಾರುತ್ತಿದ್ದ ಚಿಪ್ಪುಗಳಿಗೆ ಡ್ರೈವರು ಹೆಚ್ಚಾಗಿ ದೂರದಿಂದಲೇ ಬಂತು.

2007ರ ಜನವರಿಯಲ್ಲಿ ಗ್ರೆಗ್ ಕ್ರೋ ಹಾರ್ಟ್‌ಮನ್ ಕಂಪನಿಗಳಿಗೆ ಬಹಿರಂಗವಾಗಿ ಹೇಳಿದರು, ಮಾಹಿತಿ ಕೊಡಿ, ಬೇಕಾದರೆ ಗುಟ್ಟು ಕಾಯುವ ಕರಾರಿಗೂ ಸಹಿ ಹಾಕುತ್ತೇವೆ, ಡ್ರೈವರ್ ಪುಕ್ಕಟೆ ಬರೆದುಕೊಡುತ್ತೇವೆ. ಬರೆಯಲು ಬಂದವರಿಗೆ ಸಾಕಾಗುವಷ್ಟು ಕೆಲಸವೇ ಸಿಗಲಿಲ್ಲ! ಕಾಲ ಅಷ್ಟು ಬದಲಾಗಿತ್ತು.

ಕನ್ನಡದಲ್ಲಿ ಬರೆಯುವ ನಮಗೆ ಇನ್ನೊಂದು ಲೆಕ್ಕ ಇದೆ. ಹಾರ್ಡ್‌ವೇರ್ ಎಲ್ಲ ನಡೆದು ಪರದೆ ಮೇಲೆ ಕನ್ನಡ ಮೂಡದಿದ್ದರೆ ಏನು ಪ್ರಯೋಜನ? ನೆನಪು ಮಾಡಿಕೊಳ್ಳಿ, ವಿಂಡೋಸ್ 98 ಇದ್ದವರಿಗೆ ಯೂನಿಕೋಡ್ ಕನ್ನಡ ಪುಟ ತೆರೆದರೆ ಡಬ್ಬಿ ಡಬ್ಬಿ. ವಿಂಡೋಸ್ 2000ಕ್ಕೆ ಹಿಂದಿ ತಮಿಳು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ತುಂಗಾ ಫಾಂಟಿನ ಜೊತೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ಅದೂ ಸಿ.ಡಿ. ಹಾಕಿ ಬೇರೆಯಾಗಿ ಅನುಸ್ಥಾಪಿಸಿಕೊಂಡರೆ. ಎಕ್ಸ್‌ಪಿ ಹಾಕೋಣ ಅಂದರೆ 64 ಎಂಬಿಯ ಯಂತ್ರದಲ್ಲಿ ಅದು ತೆವಳುತ್ತೆ. ಇಂಥ ಯಂತ್ರಕ್ಕೆ ಇನ್ನೊಂದು 64 ಎಂಬಿ ಸೇರಿಸಿ ಗ್ನೋಮ್ 2 ಇದ್ದ ಲಿನಕ್ಸ್ ಹಾಕಿದರೆ ಪ್ಯಾಂಗೋ ಅನ್ನುವ ಲೈಬ್ರರಿ ಒತ್ತಕ್ಷರ ಜೋಡಿಸಿ ಕನ್ನಡ ತೋರಿಸುತ್ತಿತ್ತು. ಕೇದಗೆ, ಮಲ್ಲಿಗೆ, ಆಮೇಲೆ ಲೋಹಿತ್ ಫಾಂಟುಗಳು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಸಿಗುತ್ತಿತ್ತು, ನುಡಿಯಲ್ಲಿ ಕೈ ಪಳಗಿದವರು ಮತ್ತೆ ಕಲಿಯಬೇಕಾಗಿರಲಿಲ್ಲ.

ಎಲ್ಲ ಸಲೀಸಾಗಿತ್ತು ಅಂತ ಅಲ್ಲ. ಆಗಿನ ಕೆಲವು ಫೈರ್‌ಫಾಕ್ಸ್‌ಗಳಿಗೆ ಪ್ಯಾಂಗೋ ಬಳಸು ಅಂತ ಒಂದು ಸಾಲು ಬರೆದು ಹೇಳಿಕೊಡಬೇಕಿತ್ತು, ಇಲ್ಲದಿದ್ದರೆ ಒತ್ತುಗಳೆಲ್ಲ ಬಿಚ್ಚಿಕೊಂಡು ಅಕ್ಷರಗಳು ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ನಿಂತಿರುತ್ತಿದ್ದವು. 2008ರಲ್ಲಿ ಫೈರ್‌ಫಾಕ್ಸ್ 3 ಬಂದ ಮೇಲೆ ಆ ಕಾಟ ತಪ್ಪಿತು. 2005ರಲ್ಲಿ ಸಂಪದ ಶುರುವಾದ ಹೊತ್ತಿಗೆ, ಹಳೇ ಯಂತ್ರ ಇಟ್ಟುಕೊಂಡು ಕನ್ನಡ ಓದಬೇಕು ಅನ್ನುವವನಿಗೆ ಲಿನಕ್ಸ್ ನಿಜವಾದ ದಾರಿಯಾಗಿತ್ತು. ಉಬುಂಟುವಿನವರು ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರಲ್ಲ, 2011ರವರೆಗೆ, ನಿಮ್ಮಲ್ಲಿ ಎಷ್ಟು ಜನ ಹತ್ತು ಹತ್ತು ತರಿಸಿ ಹಂಚಿದ್ದೀರಿ ಅಂತ ನನಗೂ ಗೊತ್ತು :)

ಈಗ ಗುರಪ್ಪನಪಾಳ್ಯಕ್ಕೆ ಬನ್ನಿ. ಬನ್ನೇರುಘಟ್ಟ ರಸ್ತೆ, ಜಯನಗರ, ಬಿಟಿಎಂ ಮೂರೂ ಹತ್ತಿರ ಬರುವ ಜಾಗ. ಅಲ್ಲಿ ಸುದರ್ಶನ ಲೇಔಟ್ ಅಂತ ಒಂದು ಕೊಳೆಗೇರಿ. 2000ದ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ವತಂತ್ರ ತಂತ್ರಾಂಶದ ಗೆಳೆಯರು, ಹೆಚ್ಚಿನವರು ನಮ್ಮ ಹಾಗೆ ಸಾಫ್ಟ್‌ವೇರ್ ಕೆಲಸದವರು, ಅಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ನಡೆಸಿದರು. ದಾನ ಬಂದ ಹಳೇ ಕಂಪ್ಯೂಟರುಗಳು, ಮೇಲೆ ಗ್ನು/ಲಿನಕ್ಸ್. ಮುಂದೆ 2009ರಲ್ಲಿ ರೂಪುಗೊಂಡ ಸ್ವತಂತ್ರ ತಂತ್ರಾಂಶ ಆಂದೋಲನ ಕರ್ನಾಟಕದವರು ಇಂಥ ಕೇಂದ್ರಗಳನ್ನು ಮುಂದುವರಿಸಿದರು. ಆ ಮಕ್ಕಳು ಗಿಂಪ್‌ನಲ್ಲಿ ಬಿಡಿಸಿದ ಚಿತ್ರಗಳು ಆಗ ಸುದ್ದಿಯಾಗಿದ್ದವು.

ದಾನ ಬಂದ ಕಂಪ್ಯೂಟರು ಅಂದರೆ ಏನು ಅಂತ ಅದನ್ನು ಬಿಚ್ಚಿದವರಿಗೇ ಗೊತ್ತು. ಒಂದರ ಹಾಗೆ ಒಂದಿಲ್ಲ. ಒಂದಕ್ಕೆ ಸಿಸ್, ಒಂದಕ್ಕೆ ವಿಯಾ, ಒಂದಕ್ಕೆ 128 ಎಂಬಿ, ಇನ್ನೊಂದರ ಸಿ.ಡಿ. ಡ್ರೈವ್ ಬಾಯಿ ತೆಗೆಯಲ್ಲ. ವಿಂಡೋಸ್ ಆಗಿದ್ದರೆ ಪ್ರತಿಯೊಂದಕ್ಕೂ ಎಂದೋ ಕಳೆದುಹೋದ ಡ್ರೈವರ್ ಸಿ.ಡಿ. ಹುಡುಕಬೇಕು, ಮೇಲೆ ಲೈಸೆನ್ಸ್ ದುಡ್ಡು. ಲಿನಕ್ಸಿನಲ್ಲಿ ಡ್ರೈವರುಗಳೆಲ್ಲ ಕರ್ನಲ್ ಜೊತೆಗೇ ಬರುತ್ತವೆ. ಒಂದು ಯಂತ್ರದ ಹಾರ್ಡ್ ಡಿಸ್ಕ್ ಕಿತ್ತು ಇನ್ನೊಂದಕ್ಕೆ ಹಾಕಿದರೂ ಹೆಚ್ಚಿನ ಸಲ ಎದ್ದು ಕೂರುತ್ತದೆ. ಕೊಳೆಗೇರಿಯ ಮಗು ಮೌಸ್ ಹಿಡಿಯುವುದಕ್ಕೂ ಎಂದೋ ಒಬ್ಬ ಚಿಪ್ಪಿನ ಡೇಟಾಶೀಟ್ ಓದಿದ್ದಕ್ಕೂ ಇರುವ ಸಂಬಂಧ ಇಲ್ಲಿ ನೇರವಾಗಿ ಕಾಣುತ್ತೆ.

ಜಯನಗರ 4ನೇ ಟಿ ಬ್ಲಾಕಿನಲ್ಲಿ ಐಟಿ ಫಾರ್ ಚೇಂಜ್ ಅನ್ನುವ ಸಂಸ್ಥೆ ಇದೆ. ಅವರು ಶಿಕ್ಷಣ ಇಲಾಖೆ ಮತ್ತು ಬನಶಂಕರಿ 3ನೇ ಹಂತದ ಡಿಎಸ್ಇಆರ್‌ಟಿ ಜೊತೆ ಸೇರಿ 2011ರಿಂದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮ ನಡೆಸಿದರು. ಸರ್ಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜದ ಮೇಷ್ಟ್ರುಗಳಿಗೆ ಉಬುಂಟುವಿನಲ್ಲಿ ತರಬೇತಿ, ಕನ್ನಡ ಟೈಪಿಂಗು, ಜಿಯೋಜಿಬ್ರಾ ಎಲ್ಲ ಮೊದಲೇ ತುಂಬಿಸಿಟ್ಟ ಆವೃತ್ತಿ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಂತೂ ಕೇರಳದ ಐಟಿ@ಸ್ಕೂಲ್ ಯೋಜನೆಯಿಂದಾಗಿ ಗ್ನು/ಲಿನಕ್ಸ್ ಅನ್ನು ಪಠ್ಯವಾಗಿಯೇ ಕಲಿತರು, ಕನ್ನಡದಲ್ಲೇ ಅಚ್ಚಾದ ಪುಸ್ತಕದಿಂದ. ನಮ್ಮ ಕರ್ನಾಟಕದ ಮಕ್ಕಳಿಗೆ ಅಷ್ಟು ವ್ಯವಸ್ಥಿತವಾಗಿ ಅದು ಸಿಗಲಿಲ್ಲ ಅನ್ನುವುದು ನನ್ನ ಹೊಟ್ಟೆಕಿಚ್ಚು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಆಮೇಲೆ ಇನ್ನೊಂದು ಶುರುವಾಯಿತು.

ಲಿನಕ್ಸ್ ಹುಟ್ಟಿದ್ದೇ 386 ಪ್ರೊಸೆಸರಿನ ಮೇಲೆ. 2012ರ ಡಿಸೆಂಬರಿನಲ್ಲಿ ಆ 386ರ ಬೆಂಬಲವನ್ನೇ ಕರ್ನಲ್‌ನಿಂದ ತೆಗೆದರು. ತನಗೇನೂ ಭಾವುಕತೆ ಇಲ್ಲ ಅಂದುಬಿಟ್ಟರು ಲೈನಸ್. 2025ರಲ್ಲಿ 486ನ್ನೂ ತೆಗೆಯುವ ಪ್ಯಾಚುಗಳು ಬಂದವು. ಇದರಿಂದ ನಮಗೇನೂ ನಷ್ಟ ಇಲ್ಲ, 486 ಈಗ ಮ್ಯೂಸಿಯಮ್ಮಿನಲ್ಲಿದೆ. ನಷ್ಟ ಆದದ್ದು 32 ಬಿಟ್ ಯಂತ್ರಗಳಿಗೆ. ಕ್ರೋಮ್ 2016ರಲ್ಲಿ 32 ಬಿಟ್ ಲಿನಕ್ಸಿಗೆ ವಿದಾಯ ಹೇಳಿತು. ಉಬುಂಟು 2017ರ ಅಕ್ಟೋಬರಿನಿಂದ 32 ಬಿಟ್ ಡೆಸ್ಕ್‌ಟಾಪ್ ಸಿ.ಡಿ. ಮಾಡುವುದನ್ನು ಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ಅದೇ ವರ್ಷ ಫೈರ್‌ಫಾಕ್ಸೂ ಮುಖ ತಿರುಗಿಸಿತು.

ಗಮನಿಸಿ, ಇಲ್ಲಿ ಚಿಪ್ಪಿನ ಕಾಗದ ಹೊರಗೇ ಇದೆ. ಡ್ರೈವರೂ ಇದೆ. ಇಲ್ಲದಿರುವುದು ಅದನ್ನು ಪರೀಕ್ಷೆ ಮಾಡುತ್ತಾ ಕೂರುವ ಜನ. ಜೊತೆಗೆ, ಯಂತ್ರಕ್ಕಿಂತ ಮೊದಲು ಅದನ್ನು ಸೋಲಿಸಿದ್ದು ವೆಬ್ ಪುಟಗಳು. ಚಿಕ್ಕಪ್ಪನ ಸೆಲೆರಾನ್ ಈಗಲೂ ಆನ್ ಆಗುತ್ತೆ, ಆದರೆ ಇವತ್ತಿನ ಒಂದು ಬ್ಯಾಂಕಿನ ಪುಟ ತೆರೆಯಲು ಅದರ ಇಡೀ ರ‍್ಯಾಮಿನ ಎಷ್ಟೋ ಪಟ್ಟು ಬೇಕು. ಯಾವ ಡ್ರೈವರೂ ಅದನ್ನು ಸರಿ ಮಾಡಲಾರದು.

ಹಾಗಾದರೆ ವಿಂಡೋಸ್ 10ರ ಯಂತ್ರಗಳ ಗತಿ? ಸಂತೋಷದ ಸುದ್ದಿ ಹೇಳುತ್ತೇನೆ. 2010ರ ಈಚಿನ ಕೋರ್ ಐ3, ಐ5 ಯಂತ್ರಗಳೆಲ್ಲ 64 ಬಿಟ್. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಕಣ್ಣು ಮುಚ್ಚಿ ಹಾಕಬಹುದು. ಎನ್‌ವಿಡಿಯಾ ಹಳೇ ಕಾರ್ಡಿದ್ದರೆ ಅವರದೇ ಮುಚ್ಚಿದ ಡ್ರೈವರನ್ನು ಕಂಪನಿ ಕೈಬಿಟ್ಟಿರಬಹುದು (ಫರ್ಮಿ ಕಾಲದ ಕಾರ್ಡುಗಳದ್ದು 2022ಕ್ಕೆ ಮುಗೀತು), ಆದರೆ ಜನ ತಾವೇ ಕೆದಕಿ ಬರೆದ ನೂವೋ ಡ್ರೈವರ್ ಡೆಸ್ಕ್‌ಟಾಪ್ ಕೆಲಸಕ್ಕೆ ಸಾಕು. ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಂ ವೈಫೈ ಇದ್ದರೆ ಮಾತ್ರ ಕಿರಿಕಿರಿ, ಕೆಲವಕ್ಕೆ ಫರ್ಮ್‌ವೇರನ್ನು ಬೇರೆಯಾಗಿ ಇಳಿಸಬೇಕು, ಇಳಿಸಲು ನೆಟ್ ಬೇಕು, ನೆಟ್ಟಿಗೆ ವೈಫೈ ಬೇಕು... ಫೋನನ್ನು ಯುಎಸ್‌ಬಿಗೆ ಚುಚ್ಚಿ ಟೆದರಿಂಗ್ ಆನ್ ಮಾಡಿ, ದಾಟಿಬಿಡುತ್ತೀರಿ. ಮೊದಲು ಪೆನ್ ಡ್ರೈವಿನಿಂದ ಲೈವ್ ಆಗಿ ಬೂಟ್ ಮಾಡಿ ಧ್ವನಿ, ವೈಫೈ, ಪ್ರಿಂಟರ್ ನೋಡಿ, ಆಮೇಲೆ ಡಿಸ್ಕಿಗೆ ಹಾಕಿ. ಆಗಿನ ಕಾಲದಲ್ಲಿ ನಾಪಿಕ್ಸ್ ಸಿ.ಡಿ. ಜೇಬಲ್ಲಿಟ್ಟುಕೊಂಡು ಎಸ್.ಪಿ. ರೋಡಿಗೆ ಹೋಗಿ ಬೋರ್ಡು ಪರೀಕ್ಷೆ ಮಾಡಿ ಕೊಳ್ಳುತ್ತಿದ್ದೆ ಅನ್ನುತ್ತಾರೆ ಚಿಕ್ಕಪ್ಪ, ಅದೇ ಉಪಾಯ.

ಸೆಕ್ಯೂರಿಟಿಯವರ ಡೆಸ್ಕ್‌ಟಾಪ್ ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ಒಂದು ಚಿಕ್ಕ ಎಸ್ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಏರಿಸಿದೆ, ಭಾನುವಾರ ಮಧ್ಯಾಹ್ನದ ಊಟದೊಳಗೆ ಮುಗೀತು. ನೆಟ್‌ವರ್ಕ್ ಚಿಪ್ಪು ಯಾವುದು ಅಂತ ನೋಡಿದರೆ ಮತ್ತೆ ರಿಯಲ್‌ಟೆಕ್, 8139ರ ಮೊಮ್ಮಗ. ಆ ಹುಡುಗಿ ಕೀಲಿಮಣೆ ಕನ್ನಡಕ್ಕೆ ಬದಲಾಯಿಸೋದು ಹೇಗೆ ಅಂತ ಮೊದಲು ಕೇಳಿದಳು, ಆಮೇಲೆ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಯಬಹುದಾ ಅಂದಳು. ಅವರ ಬೀದಿಯ ಝೆರಾಕ್ಸ್ ಅಂಗಡಿಯಲ್ಲಿ ಇರುವುದು ಕ್ಯಾನನ್ 2900. ಪಿಡಿಎಫ್ ಮಾಡಿ ಪೆನ್ ಡ್ರೈವಿನಲ್ಲಿ ಕೊಡು ಅಂದೆ.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ 1996ರ ಪಿಸಿ ಕ್ವೆಸ್ಟ್ ಸಿ.ಡಿ. ಇದ್ದರೆ ದಯವಿಟ್ಟು ತಿಳಿಸಿ. ಚಿಕ್ಕಪ್ಪನ ಹತ್ತಿರ ಇರುವುದೆಲ್ಲ 2000ದ ಆಚಿನವು. ಮತ್ತೆ ನಿಮ್ಮ ವಿನ್‌ಮೋಡೆಮ್ ಪುರಾಣಗಳಿದ್ದರೆ ಬರೆಯಿರಿ, ಯಾವ ಚಿಪ್ಪು, ಯಾವ ವರ್ಷ, ಕೊನೆಗೆ ನಡೆಯಿತಾ ಇಲ್ಲವಾ ಅಂತ.